ಮಲಗಿದ ಬುದ್ಧನ ಎದೆಯ ಮೇಲೊಂದು ಕಾಲುವೆ

ಯಾದಗಿರಿಯ ಸ್ಟೇಷನ್ ರೋಡಿನಲ್ಲಿ ಒಂದು ಬೇಕರಿ, ಅದರ ಮೇಲಿನ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ಕ್ಲಾಸು. ಕೆಳಗೆ ಖಾರಿ ಬಿಸ್ಕತ್ತು ಬೇಯುವ ವಾಸನೆ, ಮೇಲೆ ಒಂದೊಂದು ಕಂಪ್ಯೂಟರಿಗೆ ಮೂರು ಮೂರು ಜನ. ನಾನು ಶಹಾಪುರದಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಹೋಗುವಷ್ಟರಲ್ಲಿ ಕುರ್ಚಿಗಳೆಲ್ಲ ತುಂಬಿರುತ್ತಿದ್ದವು. ನಿಂತೇ ಕಲಿಯುತ್ತಿದ್ದೆ, ಅದಕ್ಕೆ ನನಗೇನೂ ಬೇಜಾರಿರಲಿಲ್ಲ. ಕಲಿಯುವ ಹುಚ್ಚು ಅಷ್ಟಿತ್ತು.

ಮಾಸ್ತರರು ಬಿಳಿ ಬೂಟು ಹಾಕುತ್ತಿದ್ದರು. ನಮ್ಮ ಕಡೆಯ ಕರಿ ಮಣ್ಣಿನಲ್ಲಿ ಬಿಳಿ ಬೂಟು ಬಿಳಿಯಾಗಿ ಉಳಿಯಬೇಕಾದರೆ ಮನುಷ್ಯ ನೆಲದ ಮೇಲೆ ಕಾಲೇ ಇಡಬಾರದು. ಅವರು ಇಡುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ಆವತ್ತು ಡೇಟಾಬೇಸ್ ಪಾಠ. ಡೇಟಾಬೇಸ್ ಅಂದರೆ ಏನೋ ದೊಡ್ಡದಲ್ಲ, ಸಾಲು ಸಾಲಾಗಿ ಮಾಹಿತಿ ಜೋಡಿಸಿಟ್ಟ ಕಪಾಟು. ಕ್ವೆರಿ ಅಂದರೆ ಆ ಕಪಾಟಿಗೆ ನಾವು ಕೇಳುವ ಪ್ರಶ್ನೆ. ಇಂಥ ಊರಿನ ಸಾಲುಗಳನ್ನು ಕೊಡು ಅಂದರೆ ಕೊಡುತ್ತದೆ. ನನಗೆ ಒಂದು ಅನುಮಾನ ಬಂತು, ಕೈ ಎತ್ತಿದೆ.

"ಸರ್, ಕೇಳಿದ್ದಕ್ಕ ಒಂದು ಸಾಲೂ ಬರ್ಲಿಲ್ಲಂದ್ರ? ಖಾಲಿ ಬಂತಂದ್ರ ಏನ್ ತಿಳ್ಕೋಬೇಕ್ರಿ?"

"ಖಾಲಿ ಬಂತಂದ್ರ ಏನೂ ಇಲ್ಲಂತ ತಿಳ್ಕೋಬೇಕವ್ವ. ಮನಿಗಿ ಹೋದಿ, ಬುಟ್ಟ್ಯಾಗ ರೊಟ್ಟಿ ಇಲ್ಲ. ಏನ್ ತಿಳ್ಕೋತಿ?"

"ಯಾರರ ಉಂಡಿರಬೋದ್ರಿ. ಇಲ್ಲಾ ಇನ್ನಾ ಬಡದಿರಲಿಕ್ಕಿಲ್ಲ. ಇಲ್ಲಾ ನಾನೇ ಬ್ಯಾರೆ ಬುಟ್ಟಿ ತಗದಿರಬೋದು."

ಕ್ಲಾಸು ನಕ್ಕಿತು. ನನ್ನನ್ನು ನೋಡಿ ಅಲ್ಲ, ಅವರನ್ನು ನೋಡಿ. ಅದು ಅವರಿಗೆ ತಿಳಿಯಿತು. ಮುಖ ಕೆಂಪಾಯಿತು.

"ಬುಟ್ಟಿ ಖಾಲಿ ಅಲ್ಲವ್ವ, ನಿನ್ನ ತಲಿ ಖಾಲಿ. ಖಾಲಿ ತಲಿಗಿ ಇಂಥಾವೇ ಪ್ರಶ್ನಿ ಹೊಳೀತಾವ. ಸುಮ್ನ ನಿಂದ್ರು."

ಈಗ ಎಲ್ಲರೂ ನನ್ನನ್ನು ನೋಡಿ ನಕ್ಕರು. ಮರುದಿನದಿಂದ ನನ್ನ ಹೆಸರೇ ಖಾಲಿ ತಲಿ ಆಯಿತು. ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ಹಿಂದಿನಿಂದ ಯಾರೋ ಕೂಗುತ್ತಿದ್ದರು. ನಾನು ಕ್ಲಾಸು ಬಿಟ್ಟೆ. ಬಿಡುವಾಗ ಅತ್ತಿಲ್ಲ. ಬಸ್ಸಿನ ಕಿಟಕಿಗೆ ತಲೆ ಆನಿಸಿ, ಇದೇ ಪ್ರಶ್ನೆಯಿಂದಲೇ ಇವರ ಮೇಲೆ ಸೇಡು ತೀರಿಸಿಕೊಳ್ಳುತ್ತೇನೆ ಅಂದುಕೊಂಡೆ. ಸೇಡು ಅನ್ನುವುದು ಎಷ್ಟು ಒಳ್ಳೆಯ ಮಾಸ್ತರ ಅಂತ ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಎಬ್ಬಿಸಿ ಕೂಡಿಸುತ್ತದೆ, ರಜೆ ಕೊಡುವುದಿಲ್ಲ.

ಅಣ್ಣನ ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ಕರೆಂಟಿಗೆ ಚುಚ್ಚಿದ್ದರೆ ಮಾತ್ರ ಬದುಕುವ ಯಂತ್ರ. ಫೋನಿನಲ್ಲಿ ಹಿಂದಿ ವಿಡಿಯೋ ನೋಡಿ ಅರ್ಧ ಅರ್ಥ ಮಾಡಿಕೊಂಡು, ಉಳಿದರ್ಧ ಮಾಡಿ ಮಾಡಿ ಕೆಡಿಸಿ ಕಲಿತೆ. ಓಣಿಯ ಮೇಕೆಗಳನ್ನೆಲ್ಲ ಡೇಟಾಬೇಸಿಗೆ ಹಾಕಿದೆ. ಯಾವ ಮನೆಯದು, ಯಾವ ಬಣ್ಣ, ಮರಿ ಎಷ್ಟು. ಆಮೇಲೆ ಬೇಕೆಂದೇ ಇಲ್ಲದ ಮೇಕೆಯನ್ನು ಕೇಳುತ್ತಿದ್ದೆ. ಹಸಿರು ಮೇಕೆ ಕೊಡು. ಖಾಲಿ. ಕರಿ ಮೇಕೆ ಕೊಡು ಅನ್ನುವಾಗ ಒಂದು ಅಕ್ಷರ ತಪ್ಪಿಸುತ್ತಿದ್ದೆ. ಅದೂ ಖಾಲಿ. ಕಣ್ಣ ಮುಂದೆ ಕರಿ ಮೇಕೆ ಬೇಲಿ ಮೇಯುತ್ತಿದೆ, ಪರದೆಯ ಮೇಲೆ ಏನೂ ಇಲ್ಲ! ಎರಡು ಖಾಲಿ, ನೋಡಲು ಒಂದೇ ಥರ, ಅರ್ಥ ಬೇರೆ ಬೇರೆ. ನನ್ನ ಪ್ರಶ್ನೆ ಸರಿಯಿತ್ತು ಅಂತ ಅಂದೇ ಖಾತ್ರಿಯಾಯಿತು. ಖಾತ್ರಿಯಾದ ಮೇಲೆ ಸಿಟ್ಟು ಇಳಿಯಬೇಕಿತ್ತು, ಏರಿತು.

ಆಮೇಲೆ ಶಹಾಪುರದಲ್ಲೇ ಕೆಲಸ ಸಿಕ್ಕಿತು. ಕಾಲುವೆ ನೀರು ಬಳಸುವ ರೈತರ ಸಂಘಗಳು ಸೇರಿ ಮಾಡಿಕೊಂಡ ಒಂದು ಒಕ್ಕೂಟದ ಆಫೀಸು. ಟೈಪ್ ಮಾಡುವುದು ನನ್ನ ಕೆಲಸ. ಮೊದಲ ವಾರವೇ ಮೆಟ್ಟಿಲ ಮೇಲೆ ಬಿಳಿ ಬೂಟಿನ ಸದ್ದು. ನೋಡಿದರೆ ಮಾಸ್ತರರು! ಒಕ್ಕೂಟದ ನೀರಿನ ವರದಿಯ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ಏನೇನು ಮಾಡಬೇಕು ಅನ್ನುವ ಆಜ್ಞೆಗಳ ಪಟ್ಟಿ, ಬರೆದುಕೊಟ್ಟವರು ಅವರೇ. ವಾರಕ್ಕೊಮ್ಮೆ ಯಾದಗಿರಿಯಿಂದ ಬೈಕಿನಲ್ಲಿ ಬಂದು ವರದಿ ತೆಗೆದುಕೊಟ್ಟು ಹೋಗುತ್ತಿದ್ದರು. ನನ್ನ ಗುರುತು ಹಿಡಿದರು.

"ಓಹೋ, ಖಾಲಿ ತಲಿ! ಇಲ್ಲಿಗಿ ಬಂದೀಯೇನು? ಬಂದಿದ್ದು ಚಲೋ ಆತು. ಟೈಪ್ ಮಾಡು, ಪ್ರಶ್ನಿ ಕೇಳಬ್ಯಾಡ."

"ಆತ್ರಿ ಸರ್," ಅಂದೆ. ಅಷ್ಟು ಮೆತ್ತಗೆ ನಾನು ನಮ್ಮವ್ವನ ಜೊತೆಗೂ ಮಾತಾಡಿದ್ದಿಲ್ಲ.

ಆ ವರದಿ ಏನು ಅಂತ ಹೇಳಿಬಿಡುತ್ತೇನೆ. ದೊಡ್ಡ ಕಾಲುವೆಯಿಂದ ಹೊಲಗಳ ಕಡೆಗೆ ಸಣ್ಣ ಕಾಲುವೆಗಳು ಒಡೆಯುತ್ತವೆ, ಅವನ್ನು ಲ್ಯಾಟರಲ್ ಅನ್ನುತ್ತಾರೆ. ಒಂದೊಂದರ ಬಾಯಲ್ಲೂ ಗೇಟು, ಗೇಟಿನ ಪಕ್ಕ ನೀರಿನ ಎತ್ತರ ತೋರಿಸುವ ಅಳತೆಪಟ್ಟಿ, ಅದರ ಮೇಲೆ ನೀರು ಕನಿಷ್ಠ ಇಷ್ಟಿರಬೇಕು ಅನ್ನುವ ಗುರುತು. ಗೇಟು ಕಾಯುವವರು ದಿನಾ ಅಳತೆ ನೋಡಿ ಫೋನಿನಿಂದ ಕಳಿಸಬೇಕು. ಅದು ಡೇಟಾಬೇಸಿನಲ್ಲಿ ಒಂದು ಸಾಲಾಗಿ ಕೂಡುತ್ತದೆ. ಯಾವ ಲ್ಯಾಟರಲ್‌ಗೆ ನೀರು ಕಡಿಮೆ ಬಿದ್ದಿದೆ ಅಂತ ಸ್ಕ್ರಿಪ್ಟ್ ಹುಡುಕಿ ತೆಗೆಯುತ್ತದೆ. ಕಡಿಮೆ ಬಿದ್ದವರಿಗೆ ಮುಂದಿನ ಪಾಳಿಯಲ್ಲಿ ಮೊದಲು ನೀರು.

ನಾವು ಶಹಾಪುರಕ್ಕೆ ಬಂದು ನೆಲೆಸಿದವರು, ನಮ್ಮ ಮೂಲ ಊರು ಸಗರದಾಚೆ, ಕಾಲುವೆಯ ಟೇಲ್ ಎಂಡ್, ಕಟ್ಟಕಡೆಯ ತುದಿ. ಸುರಪುರದ ಕಡೆಯವರು ಭತ್ತದ ಮಡಿ ತುಂಬಿಸಿಕೊಂಡು ಕೈ ತೊಳೆದ ಮೇಲೆ ಉಳಿದದ್ದು ನಮ್ಮದು. ಆ ಬೇಸಿಗೆ ಅಷ್ಟೂ ಉಳಿಯಲಿಲ್ಲ. ನನ್ನ ಸೋದರತ್ತೆ ಶೇಂಗಾ ಹಾಕಿದ್ದಳು, ಬಳ್ಳಿ ಕಾಯಿ ಕಟ್ಟುವ ಹೊತ್ತು. ಸಂತೆಗೆ ಬಂದವಳು ನೇರ ಆಫೀಸಿಗೇ ಬಂದು ನನ್ನ ಮೇಜಿನ ಮುಂದೆ ನಿಂತಳು.

"ಏನ ತಂಗಿ, ನಮ್ಮ ಲ್ಯಾಟ್ರಲ್‌ಗ ನೀರು ಬರೋಬ್ಬರಿ ಬಂದಾವಂತ ನಿಮ್ಮ ದಫ್ತರದಾಗ?"

"ಹಂಗಂತ ಯಾರ್ ಅಂದ್ರು ಅತ್ತಿ?"

"ಗೋಡಿಗಿ ಹಚ್ಚೀರಲ್ಲ! ಸಾಲಿ ಹುಡುಗನ ಕೈಲೆ ಓದಿಸೀನಿ. ಕೊರತೆ ಇಲ್ಲ ಅಂತದ. ಹದ್ದು ಬಂದು ಕೂತ್ರೂ ಕಾಲು ತೊಯ್ಯಲ್ಲ ಆ ಕಾಲುವ್ಯಾಗ. ಊರಿಗೆಲ್ಲಾ ಗೊತ್ತದ, ನಿಮ್ಮ ಪೆಟ್ಟಿಗಿಗಿ ಗೊತ್ತಿಲ್ಲೇನು?"

"ಶನಿವಾರ ಮೀಟಿಂಗ್ ಅದ ಅತ್ತಿ. ಕಡೀ ಪಾಳಿ ಯಾರಿಗಿ ಅಂತ ಆವತ್ತೇ ಆಗ್ತದ."

"ಆ ಪಾಳಿ ತಪ್ಪಿದ್ರ ಕಾಲುವಿ ಬಂದ್ ಮಾಡ್ತಾರ. ಆಮ್ಯಾಲ ಶೇಂಗಾ ಬಳ್ಳಿ ಕಿತ್ತು ಎಮ್ಮಿಗಿ ಹಾಕೂದೇ. ನೀ ಒಳಗ ಕೂತು ಏನ್ ಮಾಡ್ತಿ ಮತ್ತ?"

ಏನು ಮಾಡುತ್ತೀಯ ಅಂತ ಕೇಳಿದರೆ ಸುಮ್ಮನೆ ಕೂಡುವ ಹುಡುಗಿ ನಾನಲ್ಲ. ಅವಳು ಹೋದ ಕೂಡಲೇ ಮಾಸ್ತರರ ಸ್ಕ್ರಿಪ್ಟ್ ತೆರೆದೆ. ಓದುತ್ತಾ ಹೋದಂತೆ ಮೈ ಬಿಸಿಯಾಯಿತು. ಅವರು ಡೇಟಾಬೇಸಿಗೆ ಕೇಳುತ್ತಿದ್ದದ್ದು ಇಷ್ಟೇ. ಈ ವಾರ ಗುರುತಿಗಿಂತ ಕೆಳಗೆ ನೀರಿದ್ದ ದಿನಗಳನ್ನು ಕೊಡು. ಸಾಲುಗಳು ಬಂದರೆ, ಕೊರತೆ ಇದೆ. ಬರದಿದ್ದರೆ, ಕೊರತೆ ಇಲ್ಲ, ಕೊನೆಯವರೆಗೆ ನೀರು ತಲುಪಿದೆ. ಮುಗಿಯಿತು. ಅಳತೆ ಬಂದು ಎಲ್ಲ ಚೆನ್ನಾಗಿದ್ದರೂ ಖಾಲಿ, ಅಳತೆಯೇ ಬರದಿದ್ದರೂ ಖಾಲಿ. ಎರಡಕ್ಕೂ ಒಂದೇ ಉತ್ತರ. ನಮ್ಮ ಲ್ಯಾಟರಲ್‌ನ ಸಾಲುಗಳನ್ನು ನೋಡಿದೆ. ವಾರಗಟ್ಟಲೆ ಒಂದೂ ಇಲ್ಲ.

ಖಾಲಿ ಬಂದರೆ ಏನೂ ಇಲ್ಲ. ಬುಟ್ಟಿಯಲ್ಲಿ ರೊಟ್ಟಿ ಇಲ್ಲದಿದ್ದರೆ ಎಲ್ಲರ ಹೊಟ್ಟೆ ತುಂಬಿದೆ. ಬೇಕರಿ ಮೇಲಿನ ಆ ಪಾಠವೇ ಇಳಿದು ಬಂದು ನಮ್ಮ ಅತ್ತೆಯ ಹೊಲದಲ್ಲಿ ಕೂತಿತ್ತು.

ಅವರಿಗೆ ಒಂದು ಫೋನು ಮಾಡಿ ಸರ್, ಇಲ್ಲಿ ತಪ್ಪಿದೆ ಅಂದಿದ್ದರೆ ಸದ್ದಿಲ್ಲದೆ ತಿದ್ದುತ್ತಿದ್ದರು. ಗೊತ್ತಿತ್ತು. ಅದಕ್ಕೇ ಮಾಡಲಿಲ್ಲ. ನನ್ನನ್ನು ಅಷ್ಟು ಜನರ ಮುಂದೆ ನಿಲ್ಲಿಸಿ ನಗಿಸಿದವರನ್ನು ಒಂದು ಕೋಣೆಯಲ್ಲಿ ಮೆತ್ತಗೆ ತಿದ್ದಲು ನನಗೇನು ಬಂದಿತ್ತು?

ಶನಿವಾರ ಬಂತು. ಉದ್ದ ಕೋಣೆ, ಗೋಡೆಗುಂಟ ರೈತರು. ನಡುವೆ ಒಕ್ಕೂಟದ ಅಧ್ಯಕ್ಷರು, ಸುರಪುರ ಕಡೆಯ ಗೌಡರು, ಭತ್ತ ಬೆಳೆಯುವವರು. ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ಮಾಸ್ತರರು ಗೋಡೆಗೆ ಪರದೆ ಇಳಿಸಿ ಒಂದೊಂದೇ ಲ್ಯಾಟರಲ್ ಹೆಸರು ಟೈಪ್ ಮಾಡಿ ವರದಿ ತೋರಿಸುತ್ತಿದ್ದರು. ನಮ್ಮದು ಬಂತು. ಕೊರತೆ ಇಲ್ಲ. ನಮ್ಮೂರಿನವರು ಗಲಾಟೆ ಎಬ್ಬಿಸಿದರು. ಮಾಸ್ತರರು ಕೈ ಎತ್ತಿದರು.

"ಬಾಯಿ ಮಾತು ಬ್ಯಾಡ್ರಿ. ಕಂಪ್ಯೂಟರ್ ಸುಳ್ಳ ಹೇಳಲ್ಲ."

ನಾನು ಎದ್ದು ನಿಂತೆ. "ಸರ್, ಇನ್ನೊಂದು ಲ್ಯಾಟ್ರಲ್ ಬಿಟ್ಟೀರಿ. ಗುಡ್ಡದೆದಿ ಲ್ಯಾಟ್ರಲ್. ಅದರದೂ ತಗೀರಿ."

ಅವರು ಯಾದಗಿರಿಯವರು, ಇಲ್ಲಿಯ ಹೆಸರುಗಳು ಅವರಿಗೆ ಅಷ್ಟಕ್ಕಷ್ಟೇ. ನನ್ನತ್ತ ನೋಡದೆಯೇ ಟೈಪ್ ಮಾಡಿದರು. ಪರದೆಯ ಮೇಲೆ ದಪ್ಪ ಅಕ್ಷರ ಮೂಡಿತು. ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು.

"ಗುಡ್ಡದೆದಿ ಲ್ಯಾಟರಲ್. ಕೊರತೆ ಇಲ್ಲ. ಕೊನೆಯವರೆಗೆ ನೀರು ತಲುಪಿದೆ. ಆತಲ್ಲ?"

ನಾನು ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದೆ. ನಮ್ಮ ಆಫೀಸಿನ ಕಿಟಕಿಯಿಂದ ಶಹಾಪುರದ ಗುಡ್ಡ ಪೂರ್ತಿ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ, ಬುದ್ಧ ಅಂಗಾತ ಮಲಗಿದ ಹಾಗೆ.

"ಅಕಾ ನೋಡ್ರಿ ಸರ್, ಅದೇ ಗುಡ್ಡ. ಬುದ್ಧ ಮಲಗ್ಯಾನಲ್ಲ, ಅವನ ಎದಿ ಮ್ಯಾಲ ನಿಮ್ಮ ಲ್ಯಾಟ್ರಲ್. ಕೊನೀತನಕ ನೀರು ಮುಟ್ಯಾವಂತ."

ಆ ಹೆಸರಿನ ಲ್ಯಾಟರಲ್ಲೇ ಇಲ್ಲ, ನಾನು ಕಟ್ಟಿದ ಹೆಸರು. ಮೊದಲು ಮೂಲೆಯಿಂದ ಒಬ್ಬರು ಶುರು ಮಾಡಿದರು.

"ಯಪ್ಪಾ, ಬಂಡಿಗಲ್ಲಿನ ಮ್ಯಾಲ ಭತ್ತ ಹಚ್ಯಾರೇನೋ!"

"ಅಲ್ಲಿತನಕ ನೀರು ಏರಿಸಿದ ಗೇಟಿನವ ಯಾವನಪಾ? ಅವನ್ನ ನಮಗ ಕೊಡ್ರಿ."

ನಮ್ಮೂರಿನ ಹಿರಿಯರೊಬ್ಬರು, ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವರು, ನಿಧಾನ ಹೇಳಿದರು. "ಬುದ್ಧಗ ನೀರಡಿಕಿ ಇಲ್ರಿ. ನಮಗ ಅದ."

ಕೋಣೆಗೆ ಕೋಣೆಯೇ ಬಿದ್ದು ನಕ್ಕಿತು. ಮಾಸ್ತರರ ಕಿವಿ ಕೆಂಪಾದದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಆ ನಗು ನನಗೆ ಹಬ್ಬದ ಹೋಳಿಗೆಗಿಂತ ರುಚಿಯಾಗಿತ್ತು. ಸುಳ್ಳು ಯಾಕೆ ಹೇಳಲಿ?

ಗೌಡರು ನಗಲಿಲ್ಲ. ಎಲೆ ಒಂದು ಕೆನ್ನೆಗೆ ಸರಿಸಿ ನನ್ನ ಕಡೆ ತಿರುಗಿದರು.

"ಆತವ್ವ. ಗುಡ್ಡದ ಮ್ಯಾಲ ನೀರಿಲ್ಲ, ಖರೇ. ಆದ್ರ ನಿಮ್ಮ ಲ್ಯಾಟ್ರಲ್‌ನ್ಯಾಗೂ ನೀರಿಲ್ಲಂತ ನಿನಗ ಹ್ಯಾಂಗ ಗೊತ್ತು?"

"ಅಳತಿ ಒಂದೂ ಬಂದಿಲ್ರಿ."

"ಬಂದಿಲ್ಲಂದ್ರ? ನೀರು ಬಂದಿಲ್ಲೋ, ಅಳತಿ ಬಂದಿಲ್ಲೋ? ಗೇಟಿನವ ಮಲಗಿದ್ದಾನು, ಅವನ ಫೋನ್ ಕೆಟ್ಟಿದ್ದೀತು. ಈ ಮಾಸ್ತರ ಖಾಲಿ ನೋಡಿ ನೀರು ಐತಿ ಅಂದ, ನೀ ಖಾಲಿ ನೋಡಿ ಇಲ್ಲ ಅಂತಿ. ನನಗ ಇಬ್ರೂ ಒಂದೇ ಕಾಣಾಕತ್ತೀರಿ."

ಬುಟ್ಟಿಯ ಮಾತು ನನ್ನದೇ, ಅದನ್ನು ಎತ್ತಿ ಗೌಡರು ನನ್ನ ತಲೆ ಮೇಲೇ ಇಟ್ಟಿದ್ದರು. ಮಾಸ್ತರರ ತುಟಿಯ ಅಂಚು ಒಂದಿಷ್ಟು ಎದ್ದದ್ದು ಕಂಡಿತು. ಅದು ಕಂಡದ್ದರಿಂದಲೇ ನಾನು ಬಾಗಿಲ ಕಡೆ ಹೆಜ್ಜೆ ಹಾಕಿದೆ.

"ಹಂಗಾರ ನಡೀರಿ ಗೌಡ್ರ, ಹೋಗಿ ನೋಡೂಣು. ಈಗೇ."

"ನಡೀ," ಅಂದರು ಗೌಡರು, ಎದ್ದೇಬಿಟ್ಟರು.

ಜೀಪಿನಲ್ಲಿ ಗೌಡರು, ಮಾಸ್ತರರು, ನಾನು, ನಮ್ಮೂರಿನ ಕೆಲವರು. ಸಗರ ದಾಟಿ ಕಾಲುವೆಯ ದಂಡೆ ಹಿಡಿದೆವು. ಅತ್ತೆ ಸುಳ್ಳು ಹೇಳುವವಳಲ್ಲ. ಆದರೆ ನಿನ್ನೆಯೋ ಇವತ್ತೋ ಒಂದು ಬೊಗಸೆ ನೀರು ಹರಿದಿದ್ದರೂ ಸಾಕು, ನಾನೂ ಮುಗಿದೆ, ಶೇಂಗಾವೂ ಮುಗಿಯಿತು. ಹೊಲಕ್ಕೆ ನೀರು ಬರಲಿ ಅಂತ ಕಾಯುವ ಊರಿನ ಮಗಳು ನಾನು, ಆವತ್ತು ಮಾತ್ರ ಕಾಲುವೆ ಒಣಗಿರಲಿ ಅಂತ ಬೇಡಿಕೊಂಡೆ.

ನಮ್ಮ ಗೇಟು ಬಂತು. ದೂರದಿಂದಲೇ ಕೆಂಪು ಕಂಡಿತು. ಇಳಿದು ನೋಡಿದರೆ ಕಾಲುವೆಯ ಸಿಮೆಂಟಿನ ತಳದ ತುಂಬ ಮೆಣಸಿನಕಾಯಿ ಹರವಿದ್ದರು! ನಮ್ಮೂರಿನ ಹೆಂಗಸರು. ಕಾದ ಸಿಮೆಂಟು, ಗಾಳಿಗೆ ಹಾರದಂತೆ ಎರಡು ಕಡೆ ಗೋಡೆ, ಕಣಕ್ಕಿಂತ ಚೆನ್ನಾಗಿ ಒಣಗುತ್ತದೆ. ನೀರು ಬರಬಹುದು ಅನ್ನುವ ಹೆದರಿಕೆ ಯಾರಿಗೂ ಉಳಿದಿರಲಿಲ್ಲ. ಗೌಡರು ಒಂದು ಮೆಣಸಿನಕಾಯಿ ಎತ್ತಿ ಮುರಿದರು. ಚಟ್ಟನೆ ಮುರಿಯಿತು.

ಗೇಟು ಕಾಯುವ ಕಾಕಾ ಬೇವಿನ ನೆರಳಿನಿಂದ ಎದ್ದು ಬಂದರು. ಮಾಸ್ತರರು ಅವರ ಮೇಲೆ ಹಾಯ್ದರು.

"ದಿನಾ ಅಳತಿ ಕಳಸಂತ ಹೇಳಿಲ್ಲೇನು ನಿನಗ? ನೀರಿಲ್ಲಂದ್ರ ಸೊನ್ನಿ ಒತ್ತಿ ಕಳಸಬೇಕಿಲ್ಲೋ?"

"ಸೊನ್ನಿ?" ಕಾಕಾ ಎರಡೂ ಕಿವಿ ಮುಟ್ಟಿಕೊಂಡರು. "ಗಂಗವ್ವನ ಮುಂದ ನಿಂತು ಸೊನ್ನಿ ಬರೀಲೇನ್ರಿ? ಮನ್ಯಾಗ ಜ್ವಾಳ ತೀರಿದ್ರ ತೀರ್ಯಾವ ಅಂತೀವೇನು ನಾವು? ದೀಪ ಆರಿಸಂತೀವೇನು? ತಿಂಥಣಿ ಮೌನಪ್ಪನ ಆಣಿ, ನನ್ನ ಕೈಲೆ ಆ ಸೊನ್ನಿ ಆಗಂಗಿಲ್ಲ. ನೀರು ಬಂದ ದಿನ ಕಳಸ್ತೀನಿ. ಬರದ ದಿನ ಸುಮ್ನಿರ್ತೀನಿ."

"ನೀ ಸುಮ್ನಿದ್ರ ನಮಗ ಹ್ಯಾಂಗ ತಿಳೀಬೇಕು?"

"ಸುಮ್ನ ಕುಂತವನ ಹತ್ರ ಯಾರರ ಬಂದು ಯಾಕಪಾ ಸುಮ್ನಿದ್ದಿ ಅಂತ ಕೇಳಬೇಕಲ್ರಿ. ಯಾರೂ ಬರ್ಲಿಲ್ಲ."

ನನಗೆ ಕಾಕಾನ ಮೇಲೂ ಸಿಟ್ಟು ಬಂತು, ಹೇಳಿಬಿಡುತ್ತೇನೆ. ಅವರ ಈ ಮಡಿಯಿಂದ ನಮ್ಮೂರಿನ ಹೊಲ ಒಣಗಿತ್ತು. ಆದರೆ ನನ್ನ ಅವ್ವನೂ ಹಾಗೆಯೇ. ಡಬ್ಬಿಯಲ್ಲಿ ಅಕ್ಕಿ ತೀರಿದರೆ ಬಾಯಿ ಬಿಟ್ಟು ಹೇಳುವುದಿಲ್ಲ, ಡಬ್ಬಿಯನ್ನು ತಂದು ನಮ್ಮ ಮುಂದೆ ಇಡುತ್ತಾಳೆ ಅಷ್ಟೇ. ಇಲ್ಲ ಅನ್ನಬಾರದ ಊರಿನಲ್ಲಿ ಕೂತು, ಇಲ್ಲ ಅಂತ ಯಾರೂ ಹೇಳಲಿಲ್ಲ, ಆದ್ದರಿಂದ ಎಲ್ಲ ಇದೆ ಅಂತ ಲೆಕ್ಕ ಕಟ್ಟುವ ಯಂತ್ರ ಮಾಡಿದವರು ನನ್ನ ಪಕ್ಕದಲ್ಲೇ ಬಿಳಿ ಬೂಟು ಹಾಕಿಕೊಂಡು ನಿಂತಿದ್ದರು.

ಗೌಡರು ಅಲ್ಲೇ ದಂಡೆಯ ಮೇಲೆ ತೀರ್ಮಾನ ಮಾಡಿದರು.

"ಕಡೀ ಪಾಳಿ ಮೊದಲು ಟೇಲ್ ಎಂಡಿಗಿ. ನಮ್ಮ ಸುರಪುರ ಕಡೀ ಗೇಟು ನಾನೇ ನಿಂತು ಇಳಸ್ತೀನಿ. ಯವ್ವಾ, ಆ ಸ್ಕ್ರಿಪ್ಟೋ ಗಿಪ್ಟೋ ನೀ ತಿದ್ದು."

"ತಿದ್ತೀನ್ರಿ. ಅಳತಿ ಬಂದಿಲ್ಲಂದ್ರ ಬಂದಿಲ್ಲ, ಹೋಗಿ ನೋಡಿ ಬರ್ರಿ ಅಂತ ಹೇಳ್ತದ. ಆದ್ರ ಹೋಗಿ ನೋಡವರು ಯಾರ್ರಿ?"

ಈ ಪ್ರಶ್ನೆಯನ್ನು ಜೀಪಿನಲ್ಲೇ ಮಸೆದಿಟ್ಟುಕೊಂಡಿದ್ದೆ. ಗೌಡರು ಮಾಸ್ತರರ ಬೂಟಿನ ಕಡೆ ನೋಡಿದರು.

"ಖಾಲಿ ಬಂದ್ರ ಎಲ್ಲಾ ಚಲೋ ಅದ ಅಂತ ಬರದವ ಯಾರು? ಅವನೇ ಹೋಗ್ಲಿ."

ಸ್ಕ್ರಿಪ್ಟ್ ತಿದ್ದಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೊದಲ ಪ್ರಶ್ನೆ, ಈ ಹೆಸರಿನ ಲ್ಯಾಟರಲ್ ಇದೆಯೇ? ಇಲ್ಲದಿದ್ದರೆ ಅಲ್ಲೇ ನಿಲ್ಲು, ಇಂಥದ್ದಿಲ್ಲ ಅನ್ನು. ಎರಡನೆಯದು, ವಾರದ ದಿನಗಳಿಗೆಲ್ಲ ಅಳತೆ ಬಂದಿದೆಯೇ? ಒಂದು ದಿನ ತಪ್ಪಿದ್ದರೂ ಮುಂದೆ ಹೋಗಬೇಡ, ಮಾಹಿತಿ ಇಲ್ಲ, ಹೋಗಿ ನೋಡಿ ಅನ್ನು. ಇವೆರಡೂ ದಾಟಿದ ಮೇಲೆ ಮಾತ್ರ ಗುರುತಿಗಿಂತ ಕೆಳಗಿನ ದಿನಗಳನ್ನು ಹುಡುಕು. ಆಗ ಬರುವ ಖಾಲಿ ಮಾತ್ರ ಒಳ್ಳೆಯ ಖಾಲಿ. ಕಾಕಾನ ಫೋನಿನಲ್ಲಿ ಸೊನ್ನೆಯ ಬದಲಿಗೆ 'ಗಂಗವ್ವನ ದಾರಿ ನೋಡುತ್ತಿದ್ದೇವೆ' ಅನ್ನುವ ಒಂದು ಗುಂಡಿ ಮಾಡಿಕೊಟ್ಟೆ. ಅದನ್ನು ಒತ್ತಲು ಅವರಿಗೇನೂ ಅಡ್ಡಿಯಿರಲಿಲ್ಲ.

ಇನ್ನೊಂದು ಕೆಲಸ ಮಾಡಿದೆ. ಖಾಲಿ ಬಂದದ್ದನ್ನು ಹಿಡಿಯುವ ಆ ಭಾಗಕ್ಕೆ ಒಂದು ಹೆಸರಿಡಬೇಕಿತ್ತು. ಖಾಲಿ_ತಲಿ ಅಂತಲೇ ಇಟ್ಟೆ. ಎಲ್ಲಿ ಅಳತೆ ತಪ್ಪಿದರೂ ಮಾಸ್ತರರ ಪರದೆಯ ಮೇಲೆ ಮೊದಲ ಸಾಲು ಹೀಗೆ ಬರುತ್ತದೆ. "ಖಾಲಿ_ತಲಿ ಹೇಳುತ್ತದೆ: ಹೋಗಿ ನೋಡಿ ಬನ್ನಿ." ಮೊದಲ ಸಲ ಅದನ್ನು ಓದಿ ಅವರು ನನ್ನತ್ತ ತಿರುಗಿದರು.

"ಈ ಹೆಸರು ತಗೀ."

"ತಗದ್ರ ಸ್ಕ್ರಿಪ್ಟ್ ನಿಲ್ತದ್ರಿ ಸರ್."

ನಿಲ್ಲುವುದಿಲ್ಲ. ಹೆಸರು ಬದಲಿಸುವುದು ಚಿಟಿಕೆ ಹೊಡೆದಷ್ಟು ಸುಲಭ. ಅದು ಅವರಿಗೂ ಗೊತ್ತು, ನನಗೂ ಗೊತ್ತು, ಅವರಿಗೆ ಗೊತ್ತು ಅಂತಲೂ ನನಗೆ ಗೊತ್ತು. ಅವರು ಹೆಲ್ಮೆಟ್ ಎತ್ತಿಕೊಂಡರು.

ಕಡೆಯ ಪಾಳಿಯ ನೀರು ಬಿಟ್ಟ ದಿನ ನಮ್ಮ ಲ್ಯಾಟರಲ್‌ನ ಸಾಲು ಮತ್ತೆ ಖಾಲಿ ಬಂತು. ಹೋಗಿ ನೋಡಿ ಬನ್ನಿ. ಮಾಸ್ತರರು ಹೋದರು. ಮಧ್ಯಾಹ್ನ ತಿರುಗಿ ಬಂದಾಗ ಮೆಟ್ಟಿಲ ಮೇಲೆ ಬೂಟಿನ ಸದ್ದಿಲ್ಲ. ಬೂಟು ಕೈಯಲ್ಲಿತ್ತು. ಪ್ಯಾಂಟು ಮೊಣಕಾಲ ತನಕ ಮಡಚಿದ್ದರು, ಅಲ್ಲಿಯ ತನಕ ಹಸಿ ಕರಿ ಮಣ್ಣು. ಹೆಜ್ಜೆ ಹೆಜ್ಜೆಗೂ ನೆಲದ ಮೇಲೆ ಗುರುತು.

"ಬಂದಾವ," ಅಂದರು.

"ಏನ್ ಬಂದಾವ್ರಿ ಸರ್? ಪರದಿ ಮ್ಯಾಲ ಖಾಲಿ ಅದ."

"ನೀರು ಬಂದಾವ. ನಾ ಕಣ್ಣಾರೆ ನೋಡೀನಿ. ನಿಮ್ಮ ಕಾಕಾ ಕಾಲುವ್ಯಾಗ ಇಳದು ಕುಣದಾನ, ಫೋನ್ ನೀರಾಗ ಬಿದ್ದದ. ಮೆಣಸಿನಕಾಯಿ ಚೀಲ ಎತ್ತಾಕ ನಾನೂ ಇಳಿಬೇಕಾತು."

ಆ ಮನುಷ್ಯ ನಮ್ಮೂರಿನ ಹೆಂಗಸರ ಚೀಲ ಎತ್ತಿದ್ದಾರೆ ಅಂತ ಕೇಳಿ ಒಳಗೆ ಏನೋ ಮೆತ್ತಗಾಗಲು ನೋಡಿತು. ಹಾಗಾಗಲು ನಾನು ಬಿಡಲಿಲ್ಲ.

"ಎತ್ತರ ಎಷ್ಟದ್ರಿ?"

"ಏನು?"

"ನೀರಿನ ಎತ್ತರ. ಅಳತಿ ಪಟ್ಟಿ ನೋಡಿದ್ರೇನು?"

ಅವರು ಬೂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ನೋಡಿರಲಿಲ್ಲ.

"ಅಳತಿ ಇಲ್ಲಂದ್ರ ಸಾಲು ಖಾಲಿನೇ ಉಳೀತದ್ರಿ ಸರ್," ಅಂದೆ, ಆ ಮೊದಲ ದಿನದಷ್ಟೇ ಮೆತ್ತಗೆ. "ಇನ್ನೊಮ್ಮಿ ಹೋಗಿ ಬರ್ರಿ."

ಅವರು ನನ್ನ ಮುಖ ನೋಡಿದರು. ನಾನೂ ನೋಡಿದೆ. ಬೇಕರಿ ಮೇಲಿನ ಕೋಣೆ ಇಬ್ಬರಿಗೂ ನೆನಪಿತ್ತು. ಬೂಟಿನ ದಾರಗಳನ್ನು ಗಂಟು ಹಾಕಿ ಬೈಕಿನ ಹ್ಯಾಂಡಲಿಗೆ ತೂಗುಬಿಟ್ಟು, ಬರಿಗಾಲಲ್ಲೇ ಕಿಕ್ ಹೊಡೆದು ಸಗರದ ಕಡೆ ಹೋದರು. ನಾನು ಕಿಟಕಿಯಲ್ಲಿ ನಿಂತು ಧೂಳು ಇಳಿಯುವ ತನಕ ನೋಡಿದೆ.

ಬೇಕಿದ್ದರೆ ಅತ್ತೆಗೇ ಫೋನ್ ಮಾಡಿ ಆ ಶಾಲೆಯ ಹುಡುಗನ ಕೈಲಿ ಅಳತೆಪಟ್ಟಿ ಓದಿಸಬಹುದಿತ್ತು. ಅವಳು ಬೆಳಿಗ್ಗೆ ನಾನು ಚಹಾ ಕುಡಿಯುವ ಹೊತ್ತಿಗೇ ಶೇಂಗಾ ಹೊಲದ ನಡುವೆ ನಿಂತು ಫೋನ್ ಮಾಡಿದ್ದಳು. "ತಂಗಿ, ಬಂದಾವ, ಬದು ಒಡ್ಯಾಕ ಸಲಿಕಿ ಸಿಗವಲ್ದು!" ಅಂತ ಕಿರುಚಿದ್ದಳು. ಅವಳ ಮಾತಿನ ಹಿಂದೆ ನೀರಿನ ಸದ್ದು ಕೇಳಿಸಿತ್ತು. ಅದನ್ನು ನಾನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ.